ವರದಿಯಲ್ಲಿ ಜಾಗ ಸಿಗದ ಜನ

(ಕಲಬುರಗಿಯಲ್ಲಿ ನಿವೃತ್ತ ವೈದ್ಯರು, ಲ್ಯಾಬ್ ಸಿಬ್ಬಂದಿ ಮತ್ತು ಓದುಗರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ನಿವೃತ್ತಿಯ ನಂತರದ ಬರವಣಿಗೆ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಬಹಳ ಜನ ಇದನ್ನು ಹೊತ್ತು ಕಳೆಯೋ ದಾರಿ ಅಂತಲೇ ತಿಳಿದಿದ್ದಾರೆ. ನಾನು ಹಾಗೆ ತಿಳಿದಿಲ್ಲ. ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗದಲ್ಲಿ ನಾನು ಜೀವಮಾನ ಪೂರ್ತಿ ಮಾಡಿದ ಕೆಲಸದಲ್ಲಿ ಅರ್ಧ ಹಾಗೇ ಉಳಿದಿತ್ತು. ಅದನ್ನು ಈಗ ಮಾಡುತ್ತಿದ್ದೇನೆ. ಉಳಿದದ್ದು ಏನು ಅನ್ನೋದನ್ನು ಇವತ್ತು ನಿಮ್ಮ ಮುಂದೆ ಹೇಳಬೇಕು.

ರೊನಾಲ್ಡ್ ರಾಸ್ ಅವರಿಂದ ಶುರು ಮಾಡುತ್ತೇನೆ. ಆಲ್ಮೋರಾದಲ್ಲಿ ಹುಟ್ಟಿದ ಬ್ರಿಟಿಷ್ ವೈದ್ಯ. ದೊಡ್ಡ ಕೆಲಸ ಮಾಡಿದ್ದು ಸಿಕಂದರಾಬಾದಿನಲ್ಲಿ. ಆಗ ನಮ್ಮ ಕಲಬುರಗಿಯೂ ಅದೇ ನಿಜಾಮರ ಸೀಮೆಯಲ್ಲಿತ್ತು. 1897ರ ಆಗಸ್ಟ್ 20ರಂದು ಅವರು ಒಂದು ಸೊಳ್ಳೆಯನ್ನು ಸೀಳಿ, ಅದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿ ಬೆಳೆಯುತ್ತಿರುವುದನ್ನು ಕಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ವರದಿ ಬಂತು. 1902ರಲ್ಲಿ ನೊಬೆಲ್ ಬಂತು. ಎಂಬಿಬಿಎಸ್‌ನಲ್ಲಿ ನಾವು ಓದಿದ್ದು, ಆಮೇಲೆ ನಾವು ಪಾಠ ಮಾಡಿದ್ದು ಇಷ್ಟನ್ನೇ.

ಅರವತ್ತು ದಾಟಿದ ಮೇಲೆ, 1923ರಲ್ಲಿ, ರಾಸ್ ತಮ್ಮ ನೆನಪುಗಳ ಪುಸ್ತಕ ತಂದರು. ಆ ಆಗಸ್ಟ್ ತಿಂಗಳ ಸೆಕೆ ಅದರಲ್ಲಿದೆ. ಪಂಖಾ ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆ ಅಂತ ಪಂಖಾ ಇಲ್ಲದೇ ಕೂತದ್ದು ಇದೆ. ಹಣೆಯ ಬೆವರು, ಕೈ ಬೆವರು ತಾಗಿ ಮೈಕ್ರೋಸ್ಕೋಪಿನ ಸ್ಕ್ರೂಗಳು ತುಕ್ಕು ಹಿಡಿದದ್ದು, ಉಳಿದಿದ್ದ ಒಂದೇ ಒಂದು ಐಪೀಸ್ ಬಿರುಕು ಬಿಟ್ಟದ್ದು ಇದೆ. ಹುಸೇನ್ ಖಾನ್ ಅನ್ನೋ ರೋಗಿಯ ಹೆಸರನ್ನೂ ರಾಸ್ ಬರೆದಿಟ್ಟರು. ಮಲೇರಿಯಾ ಜ್ವರದಲ್ಲೇ ಮಲಗಿ ಸೊಳ್ಳೆ ಕಚ್ಚಿಸಿಕೊಂಡು, ಒಂದು ಸೊಳ್ಳೆಗೆ ಒಂದು ಆಣೆಯಂತೆ ಪಡೆದವರು ಅವರು. ಆ ರಕ್ತ ಕುಡಿದ ಸೊಳ್ಳೆಯಿಂದಲೇ ಲೋಕಕ್ಕೆ ಸತ್ಯ ಗೊತ್ತಾಗಿದ್ದು.

ವಿಜ್ಞಾನದ ವರದಿಗೆ ಬೆವರು ಬೇಕಿಲ್ಲ. ಅದು ಸರಿಯೇ. ಯಾರ ಬೆವರು ಅಂತ ನೋಡಿ ಯಾರೂ ನಂಬಬಾರದು, ಕಂಡದ್ದು ಏನು ಅಂತ ನೋಡಿ ನಂಬಬೇಕು. ಈ ಶಿಸ್ತನ್ನು ನಾನು ಈಗಲೂ ಗೌರವಿಸುತ್ತೇನೆ. ಆದರೆ ವರದಿಯಿಂದ ಹೊರಗೆ ಉಳಿದ ಜನರಿಗೆ ಇನ್ನೆಲ್ಲಾದರೂ ಜಾಗ ಆಗಬೇಕಲ್ಲ? ಆ ಜಾಗ ಮಾಡಿಕೊಡಬಲ್ಲವರು ಅವರನ್ನು ಕಣ್ಣಾರೆ ಕಂಡವರು ಮಾತ್ರ.

ನನ್ನ ಕೆಲಸದಿಂದಲೇ ಒಂದು ಉದಾಹರಣೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಆನೆಕಾಲು ರೋಗ ಗೊತ್ತಿಲ್ಲದವರಿಲ್ಲ. ಈ ರೋಗದ ಮರಿಹುಳಗಳು ಹಗಲು ಹೊತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ, ಸೊಳ್ಳೆ ಕಚ್ಚೋ ಹೊತ್ತಿಗೆ ಸರಿಯಾಗಿ, ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಹಾಗಾಗಿ ನಮ್ಮ ಸರ್ವೆ ನಡೆಯುತ್ತಿದ್ದದ್ದು ರಾತ್ರಿ ಹತ್ತು ಗಂಟೆಯ ಮೇಲೆ. ಇನ್ನೊಂದು ವಿಚಿತ್ರ ಇದೆ. ಕಾಲು ಊದಿಕೊಂಡವರ ರಕ್ತದಲ್ಲಿ ಮರಿಹುಳ ಸಿಗೋದು ಕಡಿಮೆ. ನೋಡಲಿಕ್ಕೆ ಗಟ್ಟಿಮುಟ್ಟಾಗಿ ಇರುವವರ ರಕ್ತದಲ್ಲೇ ಸಿಗುತ್ತವೆ. ಆರೋಗ್ಯವಾಗಿ ಮಲಗಿದವರನ್ನು ಎಬ್ಬಿಸಿ ಬೆರಳು ಚುಚ್ಚಬೇಕು.

ಬೇಸಿಗೆ. ಜನ ಮಾಳಿಗೆ ಮೇಲೆ ಮಲಗುತ್ತಿದ್ದರು. ತಂಡದಲ್ಲಿ ಹೆಂಗಸು ನಾನೊಬ್ಬಳೇ ಆದದ್ದರಿಂದ ಹೆಣ್ಣುಮಕ್ಕಳು ಮಲಗಿದ ಮಾಳಿಗೆಗೆಲ್ಲ ನಾನೇ ಏಣಿ ಹತ್ತಬೇಕು. ಒಬ್ಬ ಅಜ್ಜಿ ಎದ್ದು ಕೂತು ಕೇಳಿದರು: "ಯಾಕವ್ವಾ, ಹಗಲೊತ್ತು ಬರ್ಲಿಕ್ಕಾಗಲ್ಲೇನು? ನನಗೇನೂ ಆಗಿಲ್ಲ. ಕಾಲು ಬಾತದ್ದು ನಮ್ಮ ನೆಗೆಣಿಗಿ. ಕೆಳಗ ಮಲಗ್ಯಾಳ, ಆಕಿ ರಕ್ತ ತಗೋ."

ನಾನು ಪಕ್ಕದಲ್ಲೇ ಕೂತು ಹುಳದ ಕಥೆ ಹೇಳಿದೆ. ಹಗಲು ಎಲ್ಲಿರುತ್ತದೆ, ರಾತ್ರಿ ಯಾಕೆ ಬರುತ್ತದೆ, ಕಾಲು ಊದೋದಕ್ಕೆ ಎಷ್ಟೋ ವರ್ಷ ಮೊದಲೇ ಹೇಗೆ ಮೈಯಲ್ಲಿ ಸೇರಿಕೊಂಡಿರುತ್ತದೆ, ಎಲ್ಲವನ್ನೂ. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಎಡಗೈ ಚಾಚಿದರು. "ಚುಚ್ಚು. ಆದ್ರ ಏನ್ ಬಂತು ಅಂಬೋದು ನನಗ ಬಂದು ಹೇಳಬೇಕು. ಬರೇ ಸರಕಾರಕ್ಕ ಹೇಳಿ ಸುಮ್ನಾಗಬ್ಯಾಡ."

ಮರುದಿನ ಸ್ಲೈಡಿಗೆ ಬಣ್ಣ ಹಾಕಿ ನೋಡಿದರೆ ಮರಿಹುಳ ಇತ್ತು. ಹೋಗಿ ಹೇಳಿದೆವು, ಮಾತ್ರೆ ಕೊಟ್ಟೆವು. ವರದಿಯಲ್ಲಿ ಆ ಅಜ್ಜಿ ಒಂದು ಕ್ರಮಸಂಖ್ಯೆ, ಒಂದು ವಯಸ್ಸು, ‘ಹೆಣ್ಣು’, ‘ಪಾಸಿಟಿವ್’. "ರಕ್ತದ ಮಾದರಿ ಸಂಗ್ರಹಿಸಲಾಯಿತು" ಅಂತ ಒಂದು ಸಾಲು. ಯಾರು ಏಣಿ ಹತ್ತಿದರು, ಯಾರು ಕೈ ಚಾಚಿದರು, ಯಾವ ಕರಾರಿನ ಮೇಲೆ ಚಾಚಿದರು, ಒಂದೂ ಇಲ್ಲ. ಈಗ ವೈದ್ಯಕೀಯ ಸಂಶೋಧನೆಯಲ್ಲಿ ರೋಗಿಯ ಒಪ್ಪಿಗೆ, ರೋಗಿಯ ಹಕ್ಕು ಅಂತ ಪುಟಗಟ್ಟಲೆ ಫಾರಂ ತುಂಬಿಸುತ್ತೇವೆ ಅಲ್ವಾ? ಅಕ್ಷರ ಬರದ ಆ ಅಜ್ಜಿ ಅದನ್ನೆಲ್ಲ ಎರಡು ಮಾತಿನಲ್ಲಿ ಹೇಳಿದ್ದರು. ನನ್ನ ಪ್ರಕಾರ ಆ ಸರ್ವೆಯಲ್ಲಿ ಕೇಳಿದ ಅತಿ ದೊಡ್ಡ ಮಾತು ಅದು.

ಇಷ್ಟಿದ್ದರೂ ನಿವೃತ್ತಿಯಾದ ಕೂಡಲೇ ನಾನು ಪೆನ್ನು ಹಿಡಿಯಲಿಲ್ಲ. ಹಿಡಿಸಿದ್ದು ಕೋವಿಡ್.

2020ರ ಫೆಬ್ರುವರಿಯಲ್ಲಿ ನಮ್ಮಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು. ಊರಿಗೆ ಊರೇ ಹಬ್ಬ ಮಾಡಿತ್ತು. ಮರು ತಿಂಗಳು, ದೇಶದಲ್ಲೇ ಕೋವಿಡ್‌ನ ಮೊದಲ ಸಾವು ದಾಖಲಾದದ್ದು ಕಲಬುರಗಿಯವರದು. ಆ ದಿನಗಳ ಹೆದರಿಕೆ ಇಲ್ಲಿರೋ ಎಲ್ಲರಿಗೂ ನೆನಪಿರಬೇಕು. ನಾನು ಮೈಕ್ರೋಬಯಾಲಜಿಯವಳು ಅಂತ ಓಣಿಯವರಿಗೆ ಗೊತ್ತಿತ್ತು. ಗೇಟಿನ ಆಚೆ ನಿಂತು ಕೇಳುತ್ತಿದ್ದರು. ಒಂದು ದಿನ ಎದುರು ಮನೆಯ ಹುಡುಗ ಕೇಳಿದ: "ಔಷಧನೂ ಇಲ್ಲ, ವ್ಯಾಕ್ಸಿನ್ನೂ ಇಲ್ಲ. ಹಂಗಾದ್ರ ಇದು ಹೋಗೋದು ಹೆಂಗ್ರಿ ಮೇಡಂ?"

ಔಷಧಿ, ಲಸಿಕೆ ಎರಡೂ ಇಲ್ಲದೇ ನಮ್ಮ ಜಿಲ್ಲೆಯಿಂದಲೇ ಒಂದು ರೋಗ ಹೋಗಿದೆಯಪ್ಪ ಅಂದೆ. ಯಾವುದು ಅಂದ. ನಾರುಹುಣ್ಣು ಅಂದೆ. ಅವನು ಆ ಹೆಸರೇ ಕೇಳಿರಲಿಲ್ಲ. ಅವನ ಅಪ್ಪನೂ ಸರಿಯಾಗಿ ಕೇಳಿರಲಿಲ್ಲ. ಅವನ ಅಜ್ಜ ಮಾತ್ರ ಒಳಗಿಂದ ಬಂದು, ಪ್ಯಾಂಟು ಮೇಲೆತ್ತಿ, ಮೊಣಕಾಲ ಕೆಳಗಿನ ಗುರುತು ತೋರಿಸಿದರು. ಒಂದೇ ಮನೆಯಲ್ಲಿ ಒಬ್ಬರ ಕಾಲ ಮೇಲೆ ಇದ್ದ ಚರಿತ್ರೆ ಮೊಮ್ಮಗನಿಗೆ ಗೊತ್ತಿಲ್ಲ. ಅವತ್ತೇ ರಾತ್ರಿ ಬರೆಯೋದಕ್ಕೆ ಕೂತೆ.

ನಾರುಹುಣ್ಣಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಿರಿಯರು ಕೇಳಿಸಿಕೊಳ್ಳಿ.

ನಮ್ಮ ಕಡೆ ಪಾವಟಿಗೆ ಬಾವಿಗಳು ಬಹಳ. ಮೆಟ್ಟಿಲು ಇಳಿದು, ನೀರಿನಲ್ಲಿ ಕಾಲಿಟ್ಟು, ಕೊಡ ಮುಳುಗಿಸಿ ತುಂಬಿಕೊಂಡು ಬರೋದು. ಆ ನೀರಿನಲ್ಲಿ ಸೈಕ್ಲಾಪ್ಸ್ ಅನ್ನೋ ಸಣ್ಣ ಜೀವಿ ಇರುತ್ತದೆ. ಕಣ್ಣಿಗೆ ಚುಕ್ಕೆಯಷ್ಟು. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ನೀರು ಕುಡಿದರೆ ಸೈಕ್ಲಾಪ್ಸ್ ನಮ್ಮ ಹೊಟ್ಟೆಯಲ್ಲಿ ಸಾಯುತ್ತದೆ, ಮರಿ ಸಾಯುವುದಿಲ್ಲ. ಕರುಳು ದಾಟಿ ಮೈಯೊಳಗೆ ಬೆಳೆಯುತ್ತದೆ. ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಹೆಣ್ಣುಹುಳ ಒಂದು ಮೀಟರ್ ತನಕ ಉದ್ದ ಆಗಿರುತ್ತದೆ. ದಪ್ಪ ಮಾತ್ರ ನಾರಿನಷ್ಟೇ. ಅದು ಕಾಲಿಗೆ ಇಳಿದು ಬೊಕ್ಕೆ ಎಬ್ಬಿಸುತ್ತದೆ. ಬೆಂಕಿ ಇಟ್ಟಂಥ ಉರಿ. ಉರಿ ತಡೀಲಾರದೆ ಮನುಷ್ಯ ಕಾಲನ್ನು ನೀರಿಗೆ ಇಡುತ್ತಾನೆ. ಹುಳಕ್ಕೆ ಬೇಕಾದ್ದೂ ಅದೇ. ನೀರು ತಾಗಿದ ಕೂಡಲೇ ಲಕ್ಷಗಟ್ಟಲೆ ಮರಿ ಬಿಡುತ್ತದೆ. ಸೈಕ್ಲಾಪ್ಸ್ ತಿನ್ನುತ್ತದೆ. ಅದೇ ನೀರನ್ನು ಊರು ಕುಡಿಯುತ್ತದೆ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಕಾಟ ಜಾಸ್ತಿ. ಈ ಬೇಸಿಗೆಯಲ್ಲಿ ಕುಡಿದದ್ದು ಮುಂದಿನ ಬೇಸಿಗೆಗೆ ಕಾಲಲ್ಲಿ ಹೊರಡುತ್ತದೆ.

ಹುಳ ತೆಗೆಯೋದು ಒಂದೇ ರೀತಿ. ತುದಿ ಹೊರಗೆ ಬಂದಾಗ ಕಡ್ಡಿಗೆ ಸುತ್ತಿಕೊಂಡು, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಜೋರು ಮಾಡಿದರೆ ಒಳಗೇ ಹರಿದು ಕಾಲು ಕೀವು ಕಟ್ಟುತ್ತದೆ. ವಾರಗಟ್ಟಲೆ ಮನುಷ್ಯ ಕೂತಲ್ಲೇ ಕೂರಬೇಕು. ಯಾದಗಿರಿ ಆಗಿನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ. ಆ ಕಡೆಯ ಒಂದು ಹಳ್ಳಿಯಲ್ಲಿ ಜಗುಲಿ ಮೇಲೆ ಒಬ್ಬ ರೈತ ಕೂತಿದ್ದರು. ಮೀನಖಂಡಕ್ಕೆ ಬಟ್ಟೆ ಕಟ್ಟಿ ಅದರಲ್ಲಿ ಬೆಂಕಿಕಡ್ಡಿ ಸಿಗಿಸಿದ್ದರು. ಕಡ್ಡಿಗೆ ಬಿಳಿ ದಾರದ ಹಾಗೆ ಹುಳ ಸುತ್ತಿತ್ತು. ರಾತ್ರಿ ಮಗ್ಗುಲು ಬದಲಿಸಿದರೆ ಹರಿದೀತು ಅಂತ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಒಂದು ಹದ ಮಳೆ ಬಿದ್ದಿತ್ತು. ಬೀದಿಯಲ್ಲಿ ಬೇರೆಯವರ ಎತ್ತುಗಳು ಕೂರಿಗೆ ಹೊತ್ತು ತೊಗರಿ ಬಿತ್ತಲಿಕ್ಕೆ ಹೊರಟಿದ್ದವು. ಇನ್ನಷ್ಟು ದಿನ ಕೂರಬೇಕು ಅಂತ ನಾವು ಹೇಳಿದಾಗ ಅವರು ಬೀದಿ ಕಡೆ ನೋಡುತ್ತಲೇ ಅಂದರು: "ಹುಳ ನಾಳಿನೂ ಬರ್ತದ್ರಿ. ಮಳಿ ನಾಳಿ ಬರ್ತದೇನು?"

ಆ ಕುಟುಂಬಕ್ಕೆ ಆ ವರ್ಷದ ಬೆಳೆ ಹೋಯಿತು. ನಮ್ಮ ನಮೂನೆಯಲ್ಲಿ ಹುಳ ಎಷ್ಟು, ಎಲ್ಲಿ ಹೊರಟಿದೆ ಅಂತ ತುಂಬೋ ಜಾಗ ಇತ್ತು. ಹೊಲದ ಬಗ್ಗೆ ಇರಲಿಲ್ಲ.

ಈ ರೋಗ ಇದ್ದದ್ದು ದೇಶದ ಏಳು ರಾಜ್ಯಗಳಲ್ಲಿ. ಕರ್ನಾಟಕ ಒಂದು. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಮಾಡಿದ್ದು ಏನು? ಪಾವಟಿಗೆ ಬಾವಿಗಳಿಗೆ ಕಟ್ಟೆ ಕಟ್ಟಿ ಹಗ್ಗದಿಂದ ಸೇದೋ ಹಾಗೆ ಮಾಡಿದರು, ನೀರಿಗೆ ಕಾಲು ತಾಗೋದು ನಿಂತಿತು. ಬೋರ್‌ವೆಲ್ ಹಾಕಿದರು. ಸೈಕ್ಲಾಪ್ಸ್ ಸಾಯಲಿ ಅಂತ ಟೆಮಿಫಾಸ್ ಹಾಕಿದರು. ಆರೋಗ್ಯ ಕಾರ್ಯಕರ್ತರು ಮನೆ ಮನೆ ತಿರುಗಿ ಹುಣ್ಣು ಇದ್ದವರನ್ನು ಹುಡುಕಿದರು. ಎಲ್ಲಕ್ಕಿಂತ ಸರಳವಾದದ್ದು ಬಟ್ಟೆ. ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ಮೇಲೇ ಉಳಿಯುತ್ತದೆ.

ಅದನ್ನು ಮನೆಯಲ್ಲಿ ಸಾಧಿಸಿದವರು ಹೆಣ್ಣುಮಕ್ಕಳು. ಹಳೇ ಸೀರೆ ಹರಿದು, ಎರಡು ಪದರ ಮಾಡಿ, ಕೊಡದ ಬಾಯಿಗೆ ಕಟ್ಟೋದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಬಟ್ಟೆಯ ಮೇಲ್ಮೈ ಯಾವಾಗಲೂ ಮೇಲೇ ಇರಬೇಕು. ತಿರುವಿ ಕಟ್ಟಿದರೆ ಹಿಂದಿನ ಸಲ ಸಿಕ್ಕಿಕೊಂಡದ್ದೆಲ್ಲ ಕೊಡದೊಳಗೇ ಇಳಿಯುತ್ತದೆ. ನಾವು ಭಾಷಣದಲ್ಲಿ ಇದನ್ನು ಹೇಳಿದರೆ ಅರ್ಧ ಜನ ಮರೆಯುತ್ತಿದ್ದರು. ಒಂದು ಊರಲ್ಲಿ ಒಬ್ಬ ಹೆಣ್ಣುಮಗಳು ಬಟ್ಟೆಯ ಒಂದು ಮೂಲೆಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದರು. ಕೆಂಪು ಕಂಡರೆ ಅದು ಮೇಲಿನ ಕಡೆ. ಓಣಿಯವರೆಲ್ಲ ನೋಡಿ ಕಲಿತರು. ಆಕೆಯ ಹೆಸರು ಯಾವ ಫೈಲಿನಲ್ಲೂ ಇಲ್ಲ. ಆ ಹೊಲಿಗೆ ನಾನು ಕಂಡ ಒಳ್ಳೊಳ್ಳೆಯ ಪ್ರಯೋಗಗಳಲ್ಲಿ ಒಂದು ಅಂತ ಈಗ ನಾನು ಬರೆದಿದ್ದೇನೆ. ಮನಸ್ಸಿಟ್ಟು ಬರೆದಿದ್ದೇನೆ.

ಭಾರತದ ಕೊನೆಯ ನಾರುಹುಣ್ಣು 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಅಂತ ಸಾರಿತು. 1986ರಲ್ಲಿ ಲೋಕದಲ್ಲಿ ಸುಮಾರು 35 ಲಕ್ಷ ಜನಕ್ಕೆ ಇದ್ದ ರೋಗ ಇದು. 2023ರಲ್ಲಿ ಸಿಕ್ಕಿದ್ದು 14 ಜನರಲ್ಲಿ. ಸಿಡುಬು ಹೋದದ್ದು ಎಲ್ಲರಿಗೂ ಗೊತ್ತು, ಪೋಲಿಯೋ ಗೊತ್ತು. ನಮ್ಮ ಅವ್ವಂದಿರ ಸೀರೆ ಬಟ್ಟೆಯಿಂದ ಹೋದ ರೋಗ ಮಾತ್ರ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ಹೇಗೆ ಬರೀತೀರಿ ಅಂತ ಕೇಳೋರು ಇರುತ್ತಾರೆ. ಅದನ್ನೂ ಹೇಳುತ್ತೇನೆ.

ಕಷ್ಟ ಇದ್ದದ್ದು ಕನ್ನಡದಲ್ಲಿ ಅಲ್ಲ, ಅಭ್ಯಾಸದಲ್ಲಿ. ಎಷ್ಟೋ ವರ್ಷ ನಾನು ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಒಂದೇ ಅಚ್ಚಿನಲ್ಲಿ. ಉದ್ದೇಶ, ವಿಧಾನ, ಫಲಿತಾಂಶ, ಚರ್ಚೆ. ಮೊದಲು ಬರೆದ ಪುಟಗಳಲ್ಲೂ ಅದೇ ಅಚ್ಚು ಬಿತ್ತು. ಜಗುಲಿ ಮೇಲಿನ ರೈತ ಮತ್ತೆ ‘ಒಬ್ಬ ಗಂಡು ರೋಗಿ’ ಆಗಿಬಿಡುತ್ತಿದ್ದರು. ಅದರಿಂದ ಹೊರಬರಲು ನನಗೆ ಸಿಕ್ಕ ದಾರಿ, ಬರೆಯೋದಕ್ಕೆ ಮೊದಲು ಬಾಯಲ್ಲಿ ಹೇಳೋದು. ನಮ್ಮ ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿದ್ದವರೊಬ್ಬರು ಈಗಲೂ ಊರಲ್ಲೇ ಇದ್ದಾರೆ. ಸರ್ವೆಗಳಿಗೆ ಜೊತೆಗೆ ಬಂದವರು. ಅವರ ಮುಂದೆ ಕೂತು ಹೇಳುತ್ತೇನೆ. ಅವರು ತಲೆ ಆಡಿಸುತ್ತಾ ಕೇಳೋರಲ್ಲ. "ಇಲ್ರಿ ಮೇಡಂ, ಆ ಬಾವಿ ಗುಡಿ ಹಿಂದ ಇತ್ತು" ಅಂತಾರೆ. ಆಗ ಇಬ್ಬರೂ ಹಳೇ ಫೀಲ್ಡ್ ಡೈರಿ ತೆಗೆಯುತ್ತೇವೆ. ಡೈರಿಯಲ್ಲಿ ಇದ್ದರೆ ಅದನ್ನೇ ಬರೆಯೋದು. ಡೈರಿಯಲ್ಲೂ ಇಲ್ಲ, ಇಬ್ಬರ ನೆನಪೂ ಕೂಡುವುದಿಲ್ಲ ಅಂದರೆ ಬಿಡೋದು. ಚೆಂದ ಕಾಣಲಿ ಅಂತ ಸೇರಿಸೋದಿಲ್ಲ. ಲ್ಯಾಬಿನಲ್ಲಿ ಸ್ಲೈಡ್ ಮಸುಕಾಗಿದ್ದರೆ ಪಾಸಿಟಿವ್ ಅಂತಲೂ ಬರೆಯಬಾರದು, ನೆಗೆಟಿವ್ ಅಂತಲೂ ಬರೆಯಬಾರದು. ಆ ಶಿಸ್ತು ಕಥೆ ಹೇಳುವಾಗ ಇನ್ನೂ ಜಾಸ್ತಿ ಬೇಕು ಅನ್ನೋದು ನನ್ನ ಅನುಭವ.

ರೋಗಿಯ ಗುಟ್ಟಿನ ವಿಷಯದಲ್ಲೂ ಹಾಗೇ. ಹೆಸರು ಬದಲಿಸಿ, ಊರು ಬದಲಿಸಿ, ವಯಸ್ಸು ಬದಲಿಸಿ ಬರೆಯುವವರಿದ್ದಾರೆ. ಬದಲಿಸುತ್ತಾ ಹೋದರೆ ಯಾವುದು ನಿಜ ಅಂತ ಕೊನೆಗೆ ನಮಗೇ ತಿಳಿಯದು. ನಾನು ಬದಲಿಸುವುದಿಲ್ಲ, ಹೇಳದೇ ಬಿಡುತ್ತೇನೆ. ಅದಕ್ಕೇ ಇವತ್ತು ನಿಮಗೆ ಅಜ್ಜಿಯ ಹೆಸರನ್ನೂ ಹೇಳಲಿಲ್ಲ, ಓಣಿಯ ಹೆಸರನ್ನೂ ಹೇಳಲಿಲ್ಲ.

ತಮ್ಮ ವೃತ್ತಿಯ ಮಾತಲ್ಲೇ ಬರೆಯೋದು ಈ ನೆಲಕ್ಕೆ ಹೊಸದೇನಲ್ಲ. ನಮ್ಮ ಪಕ್ಕದ ಬಸವಕಲ್ಯಾಣ ನೆನಪು ಮಾಡಿಕೊಳ್ಳಿ. ಹನ್ನೆರಡನೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ಇದ್ದರು. ರೋಗ, ಔಷಧದ ಮಾತುಗಳಿಂದಲೇ ವಚನ ಕಟ್ಟಿದರು. ದೋಣಿ ನಡೆಸಿದವರು, ಚಪ್ಪಲಿ ಹೊಲಿದವರು, ಬುಟ್ಟಿ ಹೆಣೆದವರು ತಮ್ಮ ತಮ್ಮ ಕಾಯಕದಿಂದಲೇ ಮಾತು ತಂದರು. ಈಚಿನವರಲ್ಲಿ ವೈದ್ಯೆ ಅನುಪಮಾ ನಿರಂಜನ ತಾಯಿ-ಮಗುವಿನ ಆರೋಗ್ಯದ ಬಗ್ಗೆ ಬರೆದದ್ದನ್ನು ಎಷ್ಟು ಮನೆಗಳಲ್ಲಿ ಓದಿದ್ದಾರೆ! ಅವರು ರೋಗಿಗಳನ್ನು ನೋಡುತ್ತಲೇ ಬರೆದರು. ನಮಗೆ ಆಗ ಆಗಲಿಲ್ಲ, ಈಗ ಹೊತ್ತಿದೆ.

ಇಲ್ಲಿರುವ ನನ್ನ ಸಹೋದ್ಯೋಗಿಗಳಿಗೆ ಒಂದು ಮಾತು, ದೊಡ್ಡವರು ಬೇಸರ ಮಾಡಿಕೊಳ್ಳಬೇಡಿ. ನಿವೃತ್ತ ವೈದ್ಯರು ಬರೆಯಲು ಕೂತರೆ ಬಹಳ ಸಲ ಹುದ್ದೆಗಳ ಪಟ್ಟಿ, ಸನ್ಮಾನದ ಪಟ್ಟಿ, ಹೋದ ದೇಶಗಳ ಪಟ್ಟಿ ಆಗುತ್ತದೆ. ಅದು ನಿಮ್ಮ ಸರ್ವಿಸ್ ರಿಜಿಸ್ಟರಿನಲ್ಲಿ ಇದ್ದೇ ಇದೆ. ಇಲ್ಲದ್ದನ್ನು ಬರೆಯಿರಿ. ಈ ಭಾಗಕ್ಕೆ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ. ಈಗ ಬೀದರ್, ಯಾದಗಿರಿಯಲ್ಲೂ ಕಾಲೇಜುಗಳಿವೆ. ಇಷ್ಟು ವರ್ಷದಲ್ಲಿ ಇಲ್ಲಿ ಎಂತೆಂಥ ರೋಗ ಬಂತು, ಹೋಯಿತು, ಯಾವುದು ಇನ್ನೂ ಉಳಿದಿದೆ, ಜನ ಏನಂದರು, ಏನು ಮಾಡಿದರು ಅನ್ನೋದು ನಿಮ್ಮ ತಲೆಯಲ್ಲಿ ಮಾತ್ರ ಇದೆ. ಡಾಕ್ಟರು ಮಾತ್ರ ಬರೆಯಬೇಕು ಅಂತಲೂ ಇಲ್ಲ. ಮನೆ ಮನೆ ತಿರುಗಿದ ಎಎನ್ಎಂ, ರಾತ್ರಿ ಸ್ಲೈಡ್ ಹಿಡಿದ ಟೆಕ್ನಿಶಿಯನ್, ಬಾವಿಗೆ ಔಷಧಿ ಹಾಕಿದ ಆರೋಗ್ಯ ಸಹಾಯಕ ನಮಗಿಂತ ಹತ್ತಿರದಿಂದ ಕಂಡಿದ್ದಾರೆ. ಬರೆಯೋದು ಬರಲ್ಲ ಅಂದರೆ ಹೇಳಿ, ಬರೆದುಕೊಳ್ಳುತ್ತೇವೆ. ಮೊಮ್ಮಕ್ಕಳ ಫೋನಿನಲ್ಲಿ ರೆಕಾರ್ಡ್ ಮಾಡಿಸಿ.

ನಾನೀಗ ಈ ಮೂರು ಜಿಲ್ಲೆಗಳ ಪಾವಟಿಗೆ ಬಾವಿಗಳ ಬಗ್ಗೆ ಬರೆಯುತ್ತಿದ್ದೇನೆ. ಎಷ್ಟೋ ಬಾವಿ ಮುಚ್ಚಿಹೋಗಿವೆ. ಡೈರಿಯಲ್ಲಿ ಇರೋದು ಊರಿನ ಹೆಸರು, ಬಾವಿಯ ನಂಬರು ಅಷ್ಟೇ. ಅದಕ್ಕೆ ನಿಮ್ಮ ಸಹಾಯ ಬೇಕು. ನಾರುಹುಣ್ಣಿನ ಗುರುತು ಕಾಲ ಮೇಲೆ ಇರೋರು, ಮನೆಯಲ್ಲಿ ಹಿರಿಯರಿಗೆ ಆದದ್ದನ್ನು ಕಂಡೋರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹಾಗೇ ಹೋಗಬೇಡಿ. ನಿಮ್ಮೂರ ಬಾವಿ ಎಲ್ಲಿತ್ತು, ಯಾವ ಕಡೆಯಿಂದ ಇಳಿಯುತ್ತಿದ್ದರು, ಕಟ್ಟೆ ಕಟ್ಟಿದ್ದು ಯಾವಾಗ, ಕಲ್ಲು ಹೊತ್ತವರು ಯಾರು, ಕಟ್ಟಬೇಡಿ ಅಂತ ತಕರಾರು ಮಾಡಿದವರು ಇದ್ದರಾ, ಎಲ್ಲ ಬೇಕು ನನಗೆ. ಚಹಾ ಆದ ಮೇಲೆ ನಾನು ಈ ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಕೂತಿರುತ್ತೇನೆ. ನೋಟ್‌ಬುಕ್ ತಂದಿದ್ದೇನೆ, ರಾತ್ರಿಯಾದರೂ ಪರವಾಗಿಲ್ಲ.